ಹಳದಿ ಬಾವುಟದತ್ತ ಓಡಿದ ಸುತ್ತು: ಡೇಟೋನಾ 1984ರ ನೆನಪಿನಲ್ಲಿ ಎಲ್ಲಿ ತಪ್ಪಾಗಿದೆ, ಏಕೆ

ಅಮೆರಿಕದ ಸ್ಟಾಕ್ ಕಾರ್ ರೇಸಿನ ಹಳೆಯ ಅಭಿಮಾನಿಗಳ ಮುಂದೆ 1984ರ ಜುಲೈ 4ರ ಮಾತೆತ್ತಿದರೆ ಹೆಚ್ಚುಕಡಿಮೆ ಒಂದೇ ಕತೆ ಹೊರಬರುತ್ತದೆ. ಫ್ಲಾರಿಡಾದ ಡೇಟೋನಾ ಟ್ರ್ಯಾಕ್. ಸ್ವಾತಂತ್ರ್ಯ ದಿನ. ಅಧ್ಯಕ್ಷ ರೊನಾಲ್ಡ್ ರೇಗನ್ ಎದ್ದು ನಿಂತು ಎಂಜಿನ್ ಶುರು ಮಾಡಿ ಎಂದರು. ಕೊನೆಯ ಸುತ್ತಿನಲ್ಲಿ ರಿಚರ್ಡ್ ಪೆಟ್ಟಿ ಕೂದಲೆಳೆಯ ಅಂತರದಲ್ಲಿ ಕೇಲ್ ಯಾರ್ಬರೋ ಅವರನ್ನು ಎರಡನೇ ಸ್ಥಾನಕ್ಕೆ ತಳ್ಳಿದರು. ಕಪ್ಪು-ಬಿಳಿ ಚೌಕುಳಿ ಬಾವುಟ ಬೀಸಿತು, ಪೆಟ್ಟಿಗೆ 200ನೇ ಗೆಲುವು.

ಈ ಕತೆಯಲ್ಲಿ ಮೂರು ತಪ್ಪುಗಳಿವೆ. ಎಂಜಿನ್ ಶುರು ಮಾಡಿ ಎಂದಾಗ ರೇಗನ್ ಡೇಟೋನಾದಲ್ಲಿರಲಿಲ್ಲ, ವಿಮಾನದಲ್ಲಿದ್ದರು. ಗೆಲುವು ನಿರ್ಧಾರವಾದದ್ದು ಕೊನೆಯ ಸುತ್ತಿನಲ್ಲಲ್ಲ. ಯಾರ್ಬರೋ ಎರಡನೆಯವರಲ್ಲ, ಮೂರನೆಯವರು. ಯಾರೂ ಬೇಕೆಂದು ಸುಳ್ಳು ಹೇಳುತ್ತಿಲ್ಲ. ಒಂದೊಂದು ತಪ್ಪಿಗೂ ಒಂದೊಂದು ಕಾರಣವಿದೆ. ಆ ಕಾರಣಗಳ ಜಾಡು ಹಿಡಿದು ಹೋದರೆ ಸಿಗುವ ರೇಸು ಕತೆಗಿಂತ ವಿಚಿತ್ರವಾಗಿದೆ, ಹೆಚ್ಚು ಚೆನ್ನಾಗಿಯೂ ಇದೆ.

ಇದನ್ನು ಈಗಲೇ ಬಿಡಿಸಿ ನೋಡಬೇಕಾದ ಅಗತ್ಯವೂ ಇದೆ. ಯಾರ್ಬರೋ 2023ರ ಡಿಸೆಂಬರ್ 31ರಂದು ತೀರಿಕೊಂಡರು. ಅದೇ ತಲೆಮಾರಿನ ಚಾಲಕ ಬಾಬಿ ಆಲಿಸನ್ 2024ರ ನವೆಂಬರಿನಲ್ಲಿ ಹೋದರು. ಅಂದು ಗ್ಯಾಲರಿಯಲ್ಲಿ ಕೂತಿದ್ದ ಇಪ್ಪತ್ತರ ಹುಡುಗರಿಗೆ ಈಗ ಅರವತ್ತು ದಾಟಿದೆ. ಇತ್ತ, ಅಧ್ಯಕ್ಷರು ಡೇಟೋನಾಕ್ಕೆ ಬರುವುದು 2020ರಲ್ಲಿ ಮತ್ತು 2025ರಲ್ಲಿ ಮತ್ತೆ ನಡೆದಿದೆ. ಪ್ರತಿ ಸಲವೂ 1984ರ ಕತೆ ಹೊಸದಾಗಿ ಹೇಳಲ್ಪಡುತ್ತದೆ, ಹಳೆಯ ಫೋಟೊಗಳು ಹೊಸ ದಿನಾಂಕ ಹೊತ್ತು ಓಡಾಡುತ್ತವೆ. ನೋಡಿದವರು ಇನ್ನೂ ಇರುವಾಗಲೇ ಸರಿಮಾಡಿಕೊಳ್ಳದಿದ್ದರೆ ಮುಂದೆ ಉಳಿಯುವುದು ತಪ್ಪು ಕತೆಯೊಂದೇ.

ಟ್ರ್ಯಾಕು, ಕಾರು

ಡೇಟೋನಾ ಇಂಟರ್‌ನ್ಯಾಷನಲ್ ಸ್ಪೀಡ್‌ವೇಯ ಒಂದು ಸುತ್ತು 2.5 ಮೈಲಿ, ಅಂದರೆ ನಾಲ್ಕು ಕಿಲೋಮೀಟರ್. ತಿರುವುಗಳು 31 ಡಿಗ್ರಿ ಓರೆಯಾಗಿ ಎದ್ದಿವೆ. ರಸ್ತೆ ಎನ್ನುವುದಕ್ಕಿಂತ ಡಾಂಬರು ಬಳಿದ ಗೋಡೆ ಎಂದರೆ ಹೆಚ್ಚು ಸರಿ. ಫೈರ್‌ಕ್ರ್ಯಾಕರ್ 400 ಎಂಬ ಹೆಸರಿನ ಆ ರೇಸಿನ ದೂರ 400 ಮೈಲಿ, 160 ಸುತ್ತು. 1959ರಲ್ಲಿ 250 ಮೈಲಿಯ ಓಟವಾಗಿ ಶುರುವಾಗಿ 1963ರಲ್ಲಿ 400ಕ್ಕೆ ಏರಿತ್ತು. ಫ್ಲಾರಿಡಾದ ಬೇಸಿಗೆಯ ಮಧ್ಯಾಹ್ನ ಬಿಸಿಲಿಗೂ ಗುಡುಗುಮಳೆಗೂ ಹೆಸರಾದ್ದರಿಂದ ಓಟವನ್ನು ಬೆಳಿಗ್ಗೆಯೇ ಇಡುತ್ತಿದ್ದರು.

ಸ್ಟಾಕ್ ಕಾರ್ ಎಂದರೆ ಮೂಲದಲ್ಲಿ ಶೋರೂಮಿನಿಂದ ತಂದ ಕಾರು. 1984ರ ಹೊತ್ತಿಗೆ ಅದು ಹೆಸರಿಗಷ್ಟೇ ಉಳಿದಿತ್ತು. ಒಳಗೆ ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟು, ಹೊರಗೆ ಪಾಂಟಿಯಾಕ್ ಅಥವಾ ಷೆವರ್ಲೆಯ ಆಕಾರದ ತಗಡು. ಎಂಟು ಸಿಲಿಂಡರಿನ ಎಂಜಿನ್ 358 ಘನ ಅಂಗುಲ, ಅಂದರೆ ಸುಮಾರು 5.9 ಲೀಟರ್ ಮೀರುವಂತಿರಲಿಲ್ಲ. ತೂಕ ಸುಮಾರು 1,680 ಕೆಜಿ, ಟ್ಯಾಂಕಿನಲ್ಲಿ 83 ಲೀಟರ್ ಪೆಟ್ರೋಲ್. ಎಂಜಿನ್ನಿಗೆ ಹೋಗುವ ಗಾಳಿಯನ್ನು ಕಟ್ಟಿಹಾಕುವ ರಿಸ್ಟ್ರಿಕ್ಟರ್ ಪ್ಲೇಟ್ ಎಂಬ ತೂತಿನ ತಗಡು ಡೇಟೋನಾಕ್ಕೆ ಕಡ್ಡಾಯವಾದದ್ದು 1988ರಲ್ಲಿ. 1984ರ ಎಂಜಿನ್‌ಗಳು ಪೂರಾ ಉಸಿರೆಳೆದು ಓಡುತ್ತಿದ್ದವು. ಆ ವರ್ಷದ ಫೆಬ್ರವರಿಯಲ್ಲೇ ಯಾರ್ಬರೋ ಇದೇ ಟ್ರ್ಯಾಕಿನ 500 ಮೈಲಿಯ ರೇಸಾದ ಡೇಟೋನಾ 500ರ ಅರ್ಹತಾ ಸುತ್ತಿನಲ್ಲಿ ಗಂಟೆಗೆ 200 ಮೈಲಿಯ ಗೆರೆ ದಾಟಿದ್ದರು. ಜುಲೈ ರೇಸಿಗೂ ಪೋಲ್ ಅವರದೇ, ಎಲ್ಲರಿಗಿಂತ ಮುಂದೆ ನಿಂತು ಹೊರಟವರು ಅವರು.

200ರ ಹಿಂದಿನ 198

ಅಭಿಮಾನಿಗಳ ನೆನಪು ಮೆಲ್ಲಗೆ ಹಾರಿಸಿಬಿಡುವ ಒಂದು ಅಧ್ಯಾಯ ಇಲ್ಲಿದೆ. ಅದಿಲ್ಲದೆ ಜುಲೈ 4ರ ಕಾರು ಅರ್ಥವಾಗುವುದಿಲ್ಲ.

1983ರ ಅಕ್ಟೋಬರಿನಲ್ಲಿ ಷಾರ್ಲಟ್‌ನಲ್ಲಿ ಪೆಟ್ಟಿ 198ನೇ ರೇಸು ಗೆದ್ದರು. ಓಟದ ನಂತರದ ತಪಾಸಣೆಯಲ್ಲಿ ಎಂಜಿನ್ 382 ಘನ ಅಂಗುಲ ಇದ್ದದ್ದು ಪತ್ತೆಯಾಯಿತು, ಮಿತಿಗಿಂತ 24 ಹೆಚ್ಚು. ಎಡಬದಿಗೆ ಹಾಕಬೇಕಾದ ಮೆದು ರಬ್ಬರಿನ ಟಯರುಗಳನ್ನು ಬಲಬದಿಗೆ ಹಾಕಿದ್ದೂ ಸಿಕ್ಕಿಬಿತ್ತು. ಎಡಕ್ಕೇ ತಿರುಗುವ ಓವಲ್ ಟ್ರ್ಯಾಕಿನಲ್ಲಿ ಭಾರವೆಲ್ಲ ಬಲಬದಿಯ ಟಯರಿನ ಮೇಲೆ ಬೀಳುತ್ತದೆ. ಅಲ್ಲಿ ಮೆದು ರಬ್ಬರ್ ಇದ್ದರೆ ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ಹಾಗಾಗಿಯೇ ಅದು ನಿಷಿದ್ಧ. ಈ ರೇಸುಗಳನ್ನು ನಡೆಸುವ ಸಂಸ್ಥೆಯಾದ ನಾಸ್ಕಾರ್ 35,000 ಡಾಲರ್ ದಂಡ ಹಾಕಿ 104 ಅಂಕ ಕಿತ್ತುಕೊಂಡಿತು, ಗೆಲುವನ್ನು ಮಾತ್ರ ಅವರ ಹೆಸರಿನಲ್ಲೇ ಉಳಿಸಿತು.

ಮರುವರ್ಷ ಪೆಟ್ಟಿ ತಮ್ಮ ಮನೆತನದ ತಂಡ ಬಿಟ್ಟು ಮೈಕ್ ಕರ್ಬ್ ಅವರ ತಂಡಕ್ಕೆ ಹೋದರು. ಕರ್ಬ್ ಕ್ಯಾಲಿಫೋರ್ನಿಯಾದ ಮಾಜಿ ಲೆಫ್ಟಿನೆಂಟ್ ಗವರ್ನರ್, ರೇಗನ್ ಅವರದೇ ಪಕ್ಷದವರು. ಎಂಜಿನ್ ಬಂದದ್ದು ರಾಬರ್ಟ್ ಯೇಟ್ಸ್ ಕೈಚಳಕಕ್ಕೆ ಹೆಸರಾಗಿದ್ದ ಡಿಗಾರ್ಡ್ ತಂಡದಿಂದ. ಮೇ ತಿಂಗಳಲ್ಲಿ ಡೋವರ್‌ನಲ್ಲಿ 199 ಆಯಿತು. ಜುಲೈ 4ಕ್ಕೆ ಎರಡು ದಿನ ಮೊದಲಷ್ಟೇ ಪೆಟ್ಟಿಗೆ 47 ತುಂಬಿತ್ತು.

200 ಎಂಬ ಸಂಖ್ಯೆಯ ತೂಕದ ಬಗ್ಗೆ ತಕರಾರು ಇಂದಿಗೂ ಇದೆ, ಇರಲಿ. 1972ಕ್ಕೆ ಮುಂಚೆ ಒಂದು ಋತುವಿನಲ್ಲಿ ಐವತ್ತರ ಹತ್ತಿರ ರೇಸುಗಳಿರುತ್ತಿದ್ದವು. ಅವುಗಳಲ್ಲಿ ಎಷ್ಟೋ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕುಗಳಲ್ಲಿ, ಕೆಲವೇ ಬಲವಾದ ಎದುರಾಳಿಗಳ ನಡುವೆ ನಡೆದವು. 1967ರ ಒಂದೇ ವರ್ಷ ಪೆಟ್ಟಿ 27 ಗೆದ್ದರು, ಅದರಲ್ಲಿ ಹತ್ತು ಸಾಲಾಗಿ. ಇಂದು ಋತುವೊಂದಕ್ಕೆ 36 ರೇಸು. ಪಟ್ಟಿಯಲ್ಲಿ ಎರಡನೆಯವರಾದ ಡೇವಿಡ್ ಪಿಯರ್ಸನ್ ಗೆದ್ದದ್ದು 105. ಈ ಲೆಕ್ಕಗಳನ್ನು ಹೇಳಿ 200 ಸುಲಭದ್ದು ಎನ್ನುವವರಿಗೆ ಒಂದೇ ಉತ್ತರ ಸಾಕು. ಅದೇ ಟ್ರ್ಯಾಕುಗಳಲ್ಲಿ ಅದೇ ಎದುರಾಳಿಗಳ ಜೊತೆ ಓಡಿದ ಬೇರೆ ಯಾರೂ ಅದರ ಹತ್ತಿರ ಬರಲಿಲ್ಲ.

ಆಕಾಶದಿಂದ ಬಂದ ಆಜ್ಞೆ

ರೇಗನ್ ಅಂದು ಹೊರಟಿದ್ದು ಏರ್ ಫೋರ್ಸ್ ಒನ್‌ನಲ್ಲಿ. ಚಾಲಕರಿಗೆ ಎಂಜಿನ್ ಶುರು ಮಾಡಲು ಹೇಳುವ ಸಾಂಪ್ರದಾಯಿಕ ಆಜ್ಞೆಯನ್ನು ಅವರು ವಿಮಾನದಿಂದಲೇ ಫೋನಿನಲ್ಲಿ ಕೊಟ್ಟರು, ಟ್ರ್ಯಾಕಿನ ಧ್ವನಿವರ್ಧಕಗಳಲ್ಲಿ ಅದು ಕೇಳಿತು. ರೇಸು ಅರ್ಧದಲ್ಲಿರುವಾಗ ವಿಮಾನ ಇಳಿಯಿತು. ಡೇಟೋನಾ ಬೀಚ್ ವಿಮಾನ ನಿಲ್ದಾಣ ಟ್ರ್ಯಾಕಿನ ಬೆನ್ನಿಗೇ ಅಂಟಿಕೊಂಡಿದೆ. ಹಿಂಬದಿಯ ನೇರ ದಾರಿಯಲ್ಲಿ ಪೆಟ್ಟಿಯ ನೀಲಿ-ಕೆಂಪು 43ನೇ ನಂಬರಿನ ಪಾಂಟಿಯಾಕ್ ಓಡುತ್ತಿದ್ದರೆ ಅದರಾಚೆಯ ರನ್‌ವೇಯಲ್ಲಿ ಅಧ್ಯಕ್ಷರ ವಿಮಾನ. ಎರಡೂ ಒಂದೇ ಚೌಕಟ್ಟಿನಲ್ಲಿ ಸಿಕ್ಕ ಫೋಟೊ ಈ ಆಟದ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಒಂದು.

ಮೊದಲ ತಪ್ಪಿನ ಮೂಲ ಇಲ್ಲೇ ಇದೆ. ಧ್ವನಿವರ್ಧಕದಲ್ಲಿ ಕೇಳಿದ ದನಿ ಎಲ್ಲಿಂದ ಬಂತೆಂದು ಕಿವಿ ಗುರುತಿಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ದನಿ ಕೇಳಿತು, ಆಮೇಲೆ ಮನುಷ್ಯರೂ ಕಂಡರು. ವರ್ಷಗಳು ಕಳೆದಂತೆ ದನಿ ಹೋಗಿ ಮನುಷ್ಯರ ಜೊತೆ ಸೇರಿಕೊಂಡಿತು. ಜೊತೆಗೆ, 1992ರ ಜುಲೈ 4ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅದೇ ಟ್ರ್ಯಾಕಿಗೆ ಬಂದು ಅಲ್ಲೇ ನಿಂತು ಅದೇ ಆಜ್ಞೆ ಕೊಟ್ಟರು. ಅದು ಡೇಟೋನಾದಲ್ಲಿ ಪೆಟ್ಟಿಯ ಕೊನೆಯ ರೇಸು. ಎರಡನೇ ಸ್ಥಾನದಿಂದ ಹೊರಟ ಅವರು ಮೊದಲ ಐದು ಸುತ್ತು ಮುಂದಿದ್ದರು. ಅದೇ ಟ್ರ್ಯಾಕು, ಅದೇ ತಾರೀಕು, ಅದೇ 43, ಮತ್ತೊಬ್ಬ ಅಧ್ಯಕ್ಷರು. ಎಂಟು ವರ್ಷದ ಅಂತರದ ಎರಡು ದಿನಗಳು ನೆನಪಿನಲ್ಲಿ ಒಂದಾಗಲು ಇನ್ನೇನು ಬೇಕು?

ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರು ನಾಸ್ಕಾರ್ ರೇಸಿಗೆ ಬಂದದ್ದು 1984ರಲ್ಲೇ ಮೊದಲು. ನವೆಂಬರಿನಲ್ಲಿ ಚುನಾವಣೆ ಇತ್ತು, ದಕ್ಷಿಣದ ರಾಜ್ಯಗಳ ಮತದಾರರ ಮನೆಮಾತಾಗಿದ್ದ ಆಟ ಇದು. ಆ ಲೆಕ್ಕಾಚಾರವನ್ನು ನೆನಪಿನಿಂದ ತೊಳೆದುಹಾಕುವ ಅಗತ್ಯವಿಲ್ಲ. ಆದರೆ ರೇಗನ್ ಅಲ್ಲಿ ಮಾಡಿದ ಒಂದು ಕೆಲಸ ಬರೀ ಚುನಾವಣೆಯದಲ್ಲ. ಅವರು ರೇಡಿಯೊ ಬೂತಿಗೆ ಹೋಗಿ ನೆಡ್ ಜ್ಯಾರೆಟ್ ಪಕ್ಕ ಕೂತು ಕೇಳುಗರಿಗೆ ಓಟದ ವಿವರ ಹೇಳಿದರು. 1930ರ ದಶಕದಲ್ಲಿ ಐಯೊವಾದ ರೇಡಿಯೊ ಕೇಂದ್ರದಲ್ಲಿ ರೇಗನ್ ಆಟದ ವೀಕ್ಷಕ ವಿವರಣೆಕಾರರಾಗಿದ್ದವರು. ಷಿಕಾಗೋದ ಬೇಸ್‌ಬಾಲ್ ಆಟವನ್ನು ತಂತಿಯಲ್ಲಿ ಬರುತ್ತಿದ್ದ ತುಣುಕು ಸುದ್ದಿ ನೋಡಿ, ಕಣ್ಣಾರೆ ಕಂಡವರಂತೆ ವರ್ಣಿಸುತ್ತಿದ್ದರು. ಡೇಟೋನಾದ ಬೂತಿನಲ್ಲಿ ಅವರಿಗೆ ಹಳೆಯ ಕಸುಬು ಸಿಕ್ಕಿತು. ಪಕ್ಕದಲ್ಲಿದ್ದ ನೆಡ್ ಜ್ಯಾರೆಟ್ ಎರಡು ಸಲದ ಚಾಂಪಿಯನ್. ಜ್ಯಾರೆಟ್ ಎಂಬ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

158ನೇ ಸುತ್ತು

ಕೊನೆಯ ಹೊತ್ತಿನಲ್ಲಿ ಮುಂದಿದ್ದವರು ಇಬ್ಬರೇ. ಮುಂದೆ ಪೆಟ್ಟಿ, ಅವರ ಬಂಪರಿಗೆ ಅಂಟಿಕೊಂಡು ಯಾರ್ಬರೋ. ಹಿಂದಿರುವುದೇ ಯಾರ್ಬರೋಗೆ ಬೇಕಾದ ಜಾಗ.

ಇದಕ್ಕೆ ಕಾರಣ ಗಾಳಿ. ಆ ವೇಗದಲ್ಲಿ ಎಂಜಿನ್ನಿನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನ ಕಾರು ಗಾಳಿಯನ್ನು ಬಗೆದು ಹೋಗುವಾಗ ಅದರ ಬೆನ್ನಿಗೆ ಒತ್ತಡ ಕಡಿಮೆಯಾದ ಒಂದು ಬಿಡುವು ಉಂಟಾಗುತ್ತದೆ. ಅದರೊಳಗೆ ಸೇರಿಕೊಂಡ ಹಿಂದಿನ ಕಾರಿಗೆ ಅಷ್ಟೇ ವೇಗಕ್ಕೆ ಕಡಿಮೆ ಆಕ್ಸಿಲರೇಟರ್ ಸಾಕು, ಅಂದರೆ ಅದರ ಕೈಯಲ್ಲಿ ಶಕ್ತಿ ಉಳಿದಿರುತ್ತದೆ. ಚಾಲಕರು ಇದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ. ಸ್ವಲ್ಪ ಹಿಂದೆ ಬಿದ್ದು, ಬಿಡುವಿನೊಳಗೆ ಪೂರ್ತಿ ವೇಗ ಕಟ್ಟಿಕೊಂಡು, ಮುಂದಿನ ಕಾರಿಗೆ ತಾಗುವಷ್ಟು ಹತ್ತಿರ ಬಂದಾಗ ಪಕ್ಕಕ್ಕೆ ಜಿಗಿದರೆ ಕವಣೆಯಿಂದ ಬಿಟ್ಟ ಕಲ್ಲಿನಂತೆ ದಾಟಿ ಹೋಗಬಹುದು. 1984ರ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಯಾರ್ಬರೋ ಹೀಗೆಯೇ ಗೆದ್ದಿದ್ದರು, ಅದರ ಹಿಂದಿನ ವರ್ಷವೂ. ಅವರು ಇದನ್ನೇ ಮಾಡುತ್ತಾರೆ ಎಂದು ಪೆಟ್ಟಿಗೆ ಗೊತ್ತಿತ್ತು, ಗ್ಯಾಲರಿಗೂ ಗೊತ್ತಿತ್ತು. ಕೊನೆಯ ಸುತ್ತಿಗಾಗಿ ಎಲ್ಲರೂ ಕಾಯುತ್ತಿದ್ದರು.

ಕೊನೆಯ ಸುತ್ತು ಬರಲೇ ಇಲ್ಲ. ಬೆರಳೆಣಿಕೆಯ ಸುತ್ತುಗಳು ಉಳಿದಿರುವಾಗ ಒಂದನೇ ತಿರುವಿನಲ್ಲಿ ಡಗ್ ಹೆವೆರಾನ್ ಅವರ ಕಾರು ಅಪಘಾತಕ್ಕೀಡಾಯಿತು, ಹಳದಿ ಬಾವುಟ ಹೊರಬಂತು.

ಅಂದಿನ ನಿಯಮದಲ್ಲಿ ಹಳದಿ ಬಾವುಟ ಕಂಡ ಕ್ಷಣಕ್ಕೆ ಸ್ಥಾನಗಳು ನಿಲ್ಲುತ್ತಿರಲಿಲ್ಲ. ಸುತ್ತು ಮುಗಿಯುವ ಗೆರೆ ದಾಟಿದಾಗ ಯಾರು ಎಲ್ಲಿದ್ದಾರೋ ಅದೇ ಲೆಕ್ಕ. ಅಂದರೆ ಅಪಾಯದ ಸೂಚನೆ ಬಂದ ಮೇಲೂ ಗೆರೆಯವರೆಗೆ ಪೂರ್ಣ ವೇಗದಲ್ಲಿ ಓಡಲು ಅನುಮತಿ. ಆಮೇಲೆ ಎಲ್ಲರೂ ಪೇಸ್ ಕಾರಿನ ಹಿಂದೆ ನಿಧಾನಕ್ಕೆ ಸಾಲುಗಟ್ಟಬೇಕು, ಯಾರೂ ಯಾರನ್ನೂ ದಾಟುವಂತಿಲ್ಲ. ಅವಶೇಷ ತೆಗೆದು ಹಸಿರು ಬಾವುಟ ತೋರಿಸುವಷ್ಟು ಸುತ್ತುಗಳು ಉಳಿದಿರಲಿಲ್ಲ. ಹಾಗಾಗಿ 158ನೇ ಸುತ್ತಿನ ಕೊನೆಯಲ್ಲಿ ಗೆರೆಯನ್ನು ಮೊದಲು ಮುಟ್ಟಿದವರೇ ರೇಸು ಗೆದ್ದಂತೆ. ಇಬ್ಬರು ಹಳೆ ಹುಲಿಗಳಿಗೂ ಇದು ತಕ್ಷಣ ಹೊಳೆಯಿತು.

ಹಿಂಬದಿಯ ನೇರ ದಾರಿಯಲ್ಲಿ ಯಾರ್ಬರೋ ಕವಣೆ ಬೀಸಿದರು. ಮೂರನೇ ತಿರುವಿಗೆ ಹೊಕ್ಕಾಗ ಅವರೇ ಮುಂದೆ. ಆದರೆ ಕವಣೆಯ ವೇಗಕ್ಕೆ ಒಂದು ಬೆಲೆಯಿದೆ. ಹೆಚ್ಚಿನ ವೇಗದಲ್ಲಿ ತಿರುವು ಹೊಕ್ಕ ಕಾರು ಓರೆಯ ಮೇಲೆ ಹೊರಕ್ಕೆ, ಮೇಲಕ್ಕೆ ಜಾರುತ್ತದೆ. ಯಾರ್ಬರೋ ಅವರ ಷೆವರ್ಲೆ ಅಷ್ಟು ಮೇಲೆ ಹೋದದ್ದೇ ತಡ, ಪೆಟ್ಟಿ ಒಳಗಿನ, ಚಿಕ್ಕ ದಾರಿಯಲ್ಲಿ ನುಗ್ಗಿ ಪಕ್ಕಕ್ಕೆ ಬಂದರು. ನಾಲ್ಕನೇ ತಿರುವಿನಿಂದ ಗೆರೆಯವರೆಗೆ ಎರಡೂ ಕಾರುಗಳು ಬದಿಗೆ ಬದಿ ಉಜ್ಜಿಕೊಂಡೇ ಬಂದವು. ಗೆರೆಯ ಮೇಲೆ ಪೆಟ್ಟಿಯ ಮೂತಿ ಮುಂದಿತ್ತು. ಅಂತರವನ್ನು ಜನ ಒಂದು ಮಡ್‌ಗಾರ್ಡಿನಷ್ಟು ಎನ್ನುತ್ತಾರೆ. ಎರಡು ಅಡಿ ಎಂದಿಟ್ಟುಕೊಳ್ಳಿ. ಗಂಟೆಗೆ 200 ಮೈಲಿ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 293 ಅಡಿ ಹೋಗುತ್ತದೆ. ಎರಡು ಅಡಿ ಎಂದರೆ ಸೆಕೆಂಡಿನ ಸಾವಿರದಲ್ಲಿ ಏಳು ಭಾಗ. ಕಾರಿನೊಳಗೆ ಟ್ರಾನ್ಸ್‌ಪಾಂಡರ್ ಇಟ್ಟು ಕಂಪ್ಯೂಟರಿನಲ್ಲಿ ಸಮಯ ಅಳೆಯುವ ಕಾಲ ಅದಲ್ಲ, ಸುತ್ತಿನ ಲೆಕ್ಕವನ್ನು ಜನರೇ ಕೂತು ಬರೆಯುತ್ತಿದ್ದರು.

ಯಾರೂ ಹೇಳದ ನಾಲ್ಕು ನಿಮಿಷ

ಎರಡನೇ ತಪ್ಪು, ಅಂದರೆ ಗೆಲುವು ಕೊನೆಯ ಸುತ್ತಿನಲ್ಲಿ ನಿರ್ಧಾರವಾಯಿತು ಎಂಬುದು, ಹುಟ್ಟಿದ್ದು ಇದರ ಮುಂದಿನ ಎರಡು ಸುತ್ತುಗಳಲ್ಲಿ. 159 ಮತ್ತು 160ನೇ ಸುತ್ತು ಹಳದಿಯ ಕೆಳಗೆ ಕಳೆದವು. ಐದು ಮೈಲಿಯನ್ನು ಗಂಟೆಗೆ 70 ಮೈಲಿ ವೇಗದಲ್ಲಿ ಹೋದರೆ ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. ಉಸಿರು ಬಿಗಿಹಿಡಿದ ಗೆರೆಯ ಓಟ ಒಂದು ಕಡೆ, ಚೌಕುಳಿ ಬಾವುಟ ಇನ್ನೊಂದು ಕಡೆ, ನಡುವೆ ಏನೂ ಆಗದಂತೆ ಕಾಣುವ ಆ ನಾಲ್ಕು ನಿಮಿಷ. ಹೇಳುವವರ ಬಾಯಲ್ಲಿ ಮೊದಲು ಉದುರಿಹೋಗುವುದು ಇಂಥ ಭಾಗವೇ. ನಡುವಿನದು ಹೋದ ಮೇಲೆ ಎರಡು ತುದಿಗಳು ಕೂಡಿಕೊಂಡು, ಹಳದಿಯತ್ತ ಓಡಿದ್ದು ಚೌಕುಳಿಯತ್ತ ಓಡಿದಂತಾಗುತ್ತದೆ.

ಆದರೆ ಏನೂ ಆಗಲಿಲ್ಲವೆಂಬುದು ನಿಜವಲ್ಲ. ಮೂರನೇ ತಪ್ಪಿನ ಉತ್ತರ ಆ ನಿಮಿಷಗಳಲ್ಲೇ ಇದೆ. ಗೆರೆಯ ಓಟದಲ್ಲಿ ಸೋತ ಯಾರ್ಬರೋ, ರೇಸು ಮುಗಿಯಿತೆಂದು ತಿಳಿದು ಒಂದು ಸುತ್ತು ಬಾಕಿ ಇರುವಾಗಲೇ ಪಿಟ್ ದಾರಿಗೆ, ಅಂದರೆ ಪೆಟ್ರೋಲ್, ಟಯರಿಗಾಗಿ ಕಾರು ನಿಲ್ಲಿಸುವ ಪಕ್ಕದ ದಾರಿಗೆ, ಇಳಿದುಬಿಟ್ಟರು. ತಪ್ಪು ಅರಿವಾಗಿ ಹೊರಬರುವಷ್ಟರಲ್ಲಿ ಹ್ಯಾರಿ ಗ್ಯಾಂಟ್ ಮುಂದೆ ಹೋಗಿದ್ದರು. ಅಂತಿಮ ಪಟ್ಟಿಯಲ್ಲಿ ಪೆಟ್ಟಿ, ಗ್ಯಾಂಟ್, ಯಾರ್ಬರೋ. ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ ಓಡಿ, ಸರಾಸರಿ ಗಂಟೆಗೆ 171 ಮೈಲಿ ವೇಗ ಕಾಯ್ದುಕೊಂಡ ನಿಷ್ಣಾತ ಚಾಲಕರೊಬ್ಬರಿಗೆ ಸುತ್ತಿನ ಲೆಕ್ಕ ತಪ್ಪಿತು. ಗೆರೆಯ ಆ ಓಟ ಅಷ್ಟರಮಟ್ಟಿಗೆ ಕೊನೆಯದೆಂಬ ಭಾವ ಹುಟ್ಟಿಸಿತ್ತು. ನೋಡಿದವರ ನೆನಪು ಮುಂದೆ ಮಾಡಿದ ತಪ್ಪನ್ನೇ ಯಾರ್ಬರೋ ಅಂದು ಸ್ಟೀರಿಂಗ್ ಹಿಡಿದೇ ಮಾಡಿದ್ದರು. ಈ ಒಂದು ವಿವರಕ್ಕಾಗಿಯಾದರೂ ನಿಜವಾದ ಕ್ರಮವನ್ನು ಕಾಪಾಡಿಕೊಳ್ಳಬೇಕು.

ನೆನಪು ಹೀಗೆ ಕಲಸಿಹೋಗಲು ಇನ್ನೊಂದು ಕಾರಣವೂ ಇದೆ. ಅಂದು ಟಿವಿಯಲ್ಲಿ ನೇರ ಪ್ರಸಾರವಿರಲಿಲ್ಲ. ಎಬಿಸಿ ಚಿತ್ರೀಕರಿಸಿ, ಕತ್ತರಿಸಿ, ನಂತರ ತೋರಿಸಿತು. ದೇಶ ಅದನ್ನು ಕೇಳಿದ್ದು ರೇಡಿಯೊದಲ್ಲಿ. ಟ್ರ್ಯಾಕಿನಲ್ಲಿದ್ದ ಸುಮಾರು 80,000 ಜನರೂ ಒಂದೇ ರೇಸು ನೋಡಲಿಲ್ಲ. ಹಿಂಬದಿಯಲ್ಲಿ ಇದ್ದವರಿಗೆ ವಿಮಾನ ಕಂಡಿತು, ಕವಣೆ ಕಂಡಿತು, ಗೆರೆ ಕಾಣಲಿಲ್ಲ. ಮುಂಬದಿಯಲ್ಲಿ ಕೂತವರಿಗೆ ಗೆರೆ ಕಂಡಿತು, ಮೂರನೇ ತಿರುವಿನ ಜಾರುವಿಕೆ ದೂರದ ಚುಕ್ಕೆಯಂತೆ ಕಂಡಿತು. ದೊಡ್ಡ ಪರದೆಗಳಿಲ್ಲದ ಆ ಕಾಲದಲ್ಲಿ ತನಗೆ ಕಾಣದ್ದನ್ನು ಪ್ರತಿಯೊಬ್ಬರೂ ಪಕ್ಕದವರ ಮಾತಿನಿಂದಲೋ ಧ್ವನಿವರ್ಧಕದಿಂದಲೋ ಮರುದಿನದ ಪತ್ರಿಕೆಯಿಂದಲೋ ತುಂಬಿಕೊಂಡರು.

ರೇಸು ಮುಗಿದ ಮೇಲೆ ಪೆಟ್ಟಿ ಕಾರನ್ನು ಗೆರೆಯ ಬಳಿ ನಿಲ್ಲಿಸಿ ನೇರವಾಗಿ ಮೇಲಿನ ಬೂತಿಗೆ ಹತ್ತಿ ರೇಗನ್ ಕೈ ಕುಲುಕಿದರು. ಆಮೇಲೆ ಗ್ಯಾರೇಜಿನಲ್ಲಿ ಚಾಲಕರು, ಅವರ ಮನೆಯವರ ಜೊತೆ ಅಧ್ಯಕ್ಷರು ಕೂತು ಕೆಂಟಕಿ ಫ್ರೈಡ್ ಚಿಕನ್ ತಿಂದರು. ಇದು ಸರಿಯಾಗಿಯೇ ನೆನಪಿನಲ್ಲಿ ಉಳಿದಿದೆ. ಫೋಟೊಗಳು ಧಾರಾಳವಾಗಿವೆ.

ಇಂದಾದರೆ ಏನಾಗುತ್ತಿತ್ತು

ಅದೇ ಅಪಘಾತ ಇಂದಿನ ನಿಯಮದಲ್ಲಿ ಆಗಿದ್ದರೆ ಯಾರು ಗೆಲ್ಲುತ್ತಿದ್ದರೋ ಹೇಳಲಾಗದು. ಆ ಸುತ್ತಂತೂ ನಡೆಯುತ್ತಲೇ ಇರಲಿಲ್ಲ.

2003ರ ಸೆಪ್ಟೆಂಬರ್ 14ರಂದು ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕಿನಲ್ಲಿ ಒಂದು ಕಾರು ಗೋಡೆಗೆ ಬಡಿದು ಮುಂಬದಿಯ ನೇರ ದಾರಿಯ ನಡುವೆ ನಿಂತುಹೋಯಿತು. ಹಳದಿ ಬಂದಿತ್ತು. ಆದರೂ ನಿಯಮದಂತೆ ಉಳಿದವರು ಗೆರೆಯತ್ತ ಪೂರ್ಣ ವೇಗದಲ್ಲಿ ಓಡಿಬಂದರು, ನಿಂತ ಕಾರಿನ ಪಕ್ಕದಿಂದಲೇ ಹಾದುಹೋದರು. ಒಳಗಿದ್ದವರು ಡೇಲ್ ಜ್ಯಾರೆಟ್, 1984ರಲ್ಲಿ ರೇಗನ್ ಪಕ್ಕ ಕೂತಿದ್ದ ನೆಡ್ ಜ್ಯಾರೆಟ್ ಅವರ ಮಗ. ಅವರಿಗೆ ಏನೂ ಆಗಲಿಲ್ಲ, ಆದರೆ ಒಂದೇ ವಾರದಲ್ಲಿ, ಡೋವರ್ ರೇಸಿಗೆ ಮುನ್ನ, ನಾಸ್ಕಾರ್ ಗೆರೆಯತ್ತ ಓಡುವ ಪದ್ಧತಿಯನ್ನು ರದ್ದುಮಾಡಿತು. ಈಗ ಹಳದಿ ದೀಪ ಹೊತ್ತಿದ ಕ್ಷಣಕ್ಕೆ ಸ್ಥಾನಗಳು ಅಲ್ಲಲ್ಲೇ ನಿಲ್ಲುತ್ತವೆ.

ಮರುವರ್ಷ ಜುಲೈನಲ್ಲಿ ಇನ್ನೊಂದು ಬದಲಾವಣೆ ಬಂತು. ಹಳದಿಯ ಕೆಳಗೆ ರೇಸು ಮುಗಿಯುವುದನ್ನು ತಪ್ಪಿಸಲು ಹೆಚ್ಚುವರಿ ಸುತ್ತುಗಳು. ಅವಶೇಷ ತೆಗೆದು, ಸಾಲು ಕಟ್ಟಿ, ಹಸಿರು ತೋರಿಸಿ ಎರಡು ಸುತ್ತು ಓಡಿಸುತ್ತಾರೆ. ಇವೆರಡನ್ನೂ 1984ಕ್ಕೆ ಹಚ್ಚಿ ನೋಡಿ. ಹಳದಿ ಹೊತ್ತಿದಾಗ ಪೆಟ್ಟಿ ಮುಂದೆ, ಅಲ್ಲಿಗೆ ನಿಲುಗಡೆ. 160 ಸುತ್ತು ದಾಟಿ ಮತ್ತೆ ಹಸಿರು. ಕವಣೆ ಹಿಡಿದ ಯಾರ್ಬರೋ ಪೆಟ್ಟಿಯ ಬೆನ್ನಿಗೆ, ಅವರ ಬೆನ್ನಿಗೆ ಗ್ಯಾಂಟ್. ಪೆಟ್ಟಿಗೆ 200ನೇ ಗೆಲುವು ಸಿಗುತ್ತಿತ್ತೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಮುಂದಿನ ಎಂಟು ವರ್ಷ ಓಡಿ 1992ರಲ್ಲಿ ನಿವೃತ್ತರಾಗುವವರೆಗೆ ಅವರು ಮತ್ತೊಂದು ರೇಸು ಗೆಲ್ಲಲಿಲ್ಲ ಎಂಬುದನ್ನೂ ಇಲ್ಲಿ ಇಟ್ಟು ನೋಡಬೇಕು.

ಹಳೆಯ ನಿಯಮ ಚೆನ್ನಾಗಿತ್ತು, ಅದೇ ಇರಬೇಕಿತ್ತು ಎನ್ನುವ ಅಭಿಮಾನಿಗಳಿದ್ದಾರೆ. ಅದನ್ನು ಒಪ್ಪಲಾಗದು. ಹೆವೆರಾನ್ ಕಾರು ನಿಂತದ್ದು ಒಂದನೇ ತಿರುವಿನಲ್ಲಿ, ಓಟ ಮುಗಿಯುವ ಗೆರೆಯ ಆಚೆಗೆ. ಅದು ನಾಲ್ಕನೇ ತಿರುವಿನ ಬಾಯಲ್ಲಿ ನಿಂತಿದ್ದರೆ, ಬದಿಗೆ ಬದಿ ಉಜ್ಜಿಕೊಂಡು ಬಂದ ಎರಡು ಕಾರುಗಳಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುತ್ತಿರಲಿಲ್ಲ. ಆ ಸುತ್ತು ಅದ್ಭುತವಾಗಿತ್ತು. ಅದಕ್ಕೆ ಎಡೆಮಾಡಿಕೊಟ್ಟ ನಿಯಮವನ್ನು ಕೈಬಿಟ್ಟದ್ದೂ ಸರಿಯೇ.

ಅಧ್ಯಕ್ಷರು ಬಂದ ಇತ್ತೀಚಿನ ದಿನಗಳು

1984ರಲ್ಲಿ ಅಧ್ಯಕ್ಷರ ಭೇಟಿ ಓಟದ ಒಳಗೆ ನಡೆಯಿತು. ಕಾರುಗಳು ಓಡುತ್ತಿರುವಾಗ ವಿಮಾನ ಇಳಿಯಿತು, ಗೆಲುವಿನ ಕ್ಷಣದಲ್ಲಿ ಅತಿಥಿ ಅಲ್ಲೇ ಇದ್ದರು. ಈಗಿನ ಭೇಟಿಗಳು ಓಟದ ಮುಂಚೆಯೇ ತಮ್ಮದೇ ಒಂದು ಕಾರ್ಯಕ್ರಮವಾಗಿ ನಡೆದುಹೋಗುತ್ತವೆ.

2020ರ ಫೆಬ್ರವರಿ 16ರಂದು ಡೊನಾಲ್ಡ್ ಟ್ರಂಪ್ ಡೇಟೋನಾ 500ಕ್ಕೆ ಬಂದು ಅಧ್ಯಕ್ಷರ ಕಪ್ಪು ಕಾರಿನಲ್ಲಿ ಟ್ರ್ಯಾಕ್ ಸುತ್ತಿದರು. 20 ಸುತ್ತಿಗೆ ಮಳೆ ಬಂದು ರೇಸು ಸೋಮವಾರಕ್ಕೆ ಹೋಯಿತು. ಡೆನ್ನಿ ಹ್ಯಾಮ್ಲಿನ್ ಸೆಕೆಂಡಿನ ಸಾವಿರದಲ್ಲಿ 14 ಭಾಗದ ಅಂತರದಿಂದ ಗೆದ್ದಾಗ ಅಧ್ಯಕ್ಷರು ಅಲ್ಲಿರಲಿಲ್ಲ. 2025ರ ಫೆಬ್ರವರಿ 16ರಂದು ಅವರು ಮತ್ತೆ ಬಂದರು, ಮತ್ತೆ ಬೆಂಗಾವಲಿನ ಸುತ್ತು. ಮಳೆಯ ಮುನ್ಸೂಚನೆಯಿಂದ ಆರಂಭವನ್ನು ಒಂದು ಗಂಟೆ ಮೊದಲೇ ಇಟ್ಟಿದ್ದರೂ 11 ಸುತ್ತಿಗೇ ಮಳೆ ಹಿಡಿದು ರೇಸು ಗಂಟೆಗಟ್ಟಲೆ ನಿಂತಿತು. ಕೊನೆಗೆ ವಿಲಿಯಂ ಬೈರನ್ ಗೆದ್ದಾಗ ಅಧ್ಯಕ್ಷರು ಹೊರಟುಹೋಗಿ ಬಹಳ ಹೊತ್ತಾಗಿತ್ತು. ಆ ದಿನಗಳಲ್ಲಿ ಗ್ಯಾಲರಿಯಲ್ಲಿದ್ದವರಿಗೆ ಮುಂದೆ ನೆನಪಾಗುವುದು ಬೆಂಗಾವಲು ಕಾರುಗಳು, ಭದ್ರತಾ ತಪಾಸಣೆಯ ಸಾಲು, ಮಳೆ. ಗೆದ್ದವರ ಹೆಸರು ಅದರ ಜೊತೆ ಅಂಟಿಕೊಳ್ಳುವುದು ಕಷ್ಟ. 1984ರ ನೆನಪು ನಾಲ್ಕು ದಶಕ ಗಟ್ಟಿಯಾಗಿ ನಿಂತಿರುವುದಕ್ಕೆ ಅತಿಥಿಯ ಹಿರಿಮೆಗಿಂತ ದೊಡ್ಡ ಕಾರಣ ಈ ಹೊಂದಾಣಿಕೆ: ವಿಮಾನ, 43, ಗೆರೆ, ಎಲ್ಲವೂ ಒಂದೇ ಬೆಳಗಿನಲ್ಲಿ ಒಂದರೊಳಗೊಂದು ಹೆಣೆದುಕೊಂಡಿದ್ದವು.

ಫೋಟೊಗಳ ಗೊಂದಲವೂ ಇಲ್ಲೇ ಶುರು. 2020ರ ಭೇಟಿಯ ನಂತರ ಟ್ರಂಪ್ ಪ್ರಚಾರದ ಮುಖ್ಯಸ್ಥರು ಗ್ಯಾಲರಿಯ ಮೇಲೆ ಏರ್ ಫೋರ್ಸ್ ಒನ್ ಏರುವ ಭರ್ಜರಿ ಚಿತ್ರವೊಂದನ್ನು ಹಂಚಿಕೊಂಡರು. ಅದು 2004ರಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಬಂದಾಗಿನದೆಂದು ಜನ ಗುರುತಿಸಿದ ಮೇಲೆ ತೆಗೆದುಹಾಕಬೇಕಾಯಿತು.

ಹಳೆಯ ಚಿತ್ರ 1984ರದೋ ಅಲ್ಲವೋ ಎಂದು ನೋಡಲು ಹೆಚ್ಚಿನ ವಿದ್ಯೆ ಬೇಡ. ಮೊದಲು ವಿಮಾನದ ತಲೆ ನೋಡಿ. 1984ರಲ್ಲಿದ್ದದ್ದು ಬೋಯಿಂಗ್ 707 ಮಾದರಿ, ತೆಳ್ಳಗೆ, ನೇರ ಬೆನ್ನು. ಮುಂಭಾಗದಲ್ಲಿ ಗೂನಿನಂತೆ ಮೇಲಂತಸ್ತು ಇದ್ದರೆ ಅದು 747. ಆ ವಿಮಾನ ಅಧ್ಯಕ್ಷರ ಸೇವೆಗೆ ಬಂದದ್ದು 1990ರಲ್ಲಿ. ನಂತರ ಟ್ರ್ಯಾಕಿನ ಸುತ್ತ ಎತ್ತರದ ದೀಪದ ಕಂಬಗಳಿವೆಯೇ ನೋಡಿ. ಡೇಟೋನಾದಲ್ಲಿ ರಾತ್ರಿ ಓಟಕ್ಕೆ ದೀಪ ಹಾಕಿದ್ದು 1998ರಲ್ಲಿ. ಕಂಬವಿದ್ದರೆ ಚಿತ್ರ ಅದಕ್ಕಿಂತ ಹಳೆಯದಲ್ಲ. ಗೂನೂ ಇಲ್ಲ, ಕಂಬವೂ ಇಲ್ಲ, 43ರ ಕಾರು ಪಾಂಟಿಯಾಕ್ ಗ್ರ್ಯಾಂಡ್ ಪ್ರೀ, ಮೈಮೇಲೆ ಪ್ರಾಯೋಜಕ ಕಂಪನಿ ಎಸ್‌ಟಿಪಿಯ ಗುರುತು, ಹಿಂದೆ ಅಧ್ಯಕ್ಷರ ವಿಮಾನ, ಇಷ್ಟೂ ಕೂಡಿದರೆ ಅದು ಆ ಬೆಳಗಿನದೇ. ಕಾರನ್ನೇ ಹೋಲಿಸಿ ನೋಡಬೇಕೆಂದರೆ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಂ ಸಂಗ್ರಹದಲ್ಲಿದೆ.

ಜುಲೈ 4ಕ್ಕೆ ಡೇಟೋನಾ ಎಂಬ ಅಭ್ಯಾಸವೂ ಈಗಿಲ್ಲ. 1988ರಿಂದ ರೇಸು ಜುಲೈ ಮೊದಲ ಶನಿವಾರಕ್ಕೆ ಸರಿಯಿತು, 1998ರಿಂದ ರಾತ್ರಿಯದಾಯಿತು, 2020ರಿಂದ ಆಗಸ್ಟಿಗೆ ಹೋಯಿತು. ಹೊಸ ಅಭಿಮಾನಿಗೆ ತಾರೀಕೇ ಕತೆಯನ್ನು ನೆನಪಿಸುವ ದಾರಿ ಮುಚ್ಚಿದೆ.

ಹಾಗಾಗಿ ಆ ದಿನ ಅಲ್ಲಿದ್ದವರು ಸಿಕ್ಕಾಗ ಏನು ಕೇಳಬೇಕೆಂಬುದು ಮುಖ್ಯ. ರೇಗನ್ ಹೇಗಿದ್ದರು, ಪೆಟ್ಟಿ ಹೇಗೆ ಗೆದ್ದರು ಎಂದು ಕೇಳಿದರೆ ಊರೆಲ್ಲ ಹೇಳುವ ಕತೆಯೇ ಬರುತ್ತದೆ. ಬದಲಿಗೆ ಎಲ್ಲಿ ಕೂತಿದ್ದಿರಿ, ಅಲ್ಲಿಂದ ಯಾವ ತಿರುವು ಕಾಣುತ್ತಿತ್ತು ಎಂದು ಮೊದಲು ಕೇಳಿ. ವಿಮಾನ ಇಳಿಯುವಾಗ ಕಾರುಗಳು ಓಡುತ್ತಿದ್ದವೋ ನಿಂತಿದ್ದವೋ ಎಂದು ಕೇಳಿ. ಹಳದಿ ಬಂದಮೇಲೆ ಎಷ್ಟು ಹೊತ್ತು ಕಾದಿರಿ, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಉತ್ತರ ಬರುವಾಗ ತಿದ್ದಬೇಡಿ, ನಡುವೆ ಬಾಯಿ ಹಾಕಬೇಡಿ, ರೆಕಾರ್ಡ್ ಮಾಡಿಕೊಳ್ಳಿ. ಎಲ್ಲಕ್ಕಿಂತ ಕೊನೆಗೆ, ಯಾರ್ಬರೋ ಪಿಟ್‌ಗೆ ಇಳಿದದ್ದು ನಿಮ್ಮ ಕಣ್ಣಿಗೆ ಬಿತ್ತೇ ಎಂದು ಕೇಳಿ. ಎಲ್ಲರ ಕಣ್ಣೂ ಪೆಟ್ಟಿಯ ಮೇಲಿದ್ದ ಆ ಗಳಿಗೆಯಲ್ಲಿ 28ನೇ ನಂಬರಿನ ಕಾರು ಪಕ್ಕಕ್ಕೆ ಸರಿದದ್ದನ್ನು ಕಂಡವರು ಸಿಕ್ಕರೆ, ಅವರು ಹೇಳುವುದನ್ನೆಲ್ಲ ಬರೆದುಕೊಳ್ಳಿ.